ಬಲಗಡೆಯ ಮುಂದಿನ ಚಕ್ರ

ಮಹದೇವಣ್ಣ, ಆ ಚಕ್ರವನ್ನು ಬಿಗಿ ಮಾಡದೆ ಬಿಟ್ಟವನು ನಾನು.

ಬರೆದು ನೋಡಿದರೆ ಇಷ್ಟು ಚಿಕ್ಕ ವಾಕ್ಯ. ಇದನ್ನು ಹೇಳಲಾಗದೆ ಒಂಬತ್ತು ವರ್ಷ ಕಳೆದೆ. ಆಸ್ಪತ್ರೆಯ ವರಾಂಡದಲ್ಲಿ ನೀವು ಕೇಳಿದಾಗ, ಬಿಗಿ ಮಾಡಿದ್ದೆ ಎಂದೆ. ಅದು ಸುಳ್ಳು. ಆಮೇಲೆ, ಮುರಿಯದೆ ಉಳಿದಿದ್ದ ನಿಮ್ಮ ಇನ್ನೊಂದು ಹೆಗಲಿನ ಮೇಲೆ ಕೈಯಿಟ್ಟು, ನಿಮ್ಮನ್ನು ಕ್ಷಮಿಸಿದ್ದೇನೆ ಎಂದೂ ಹೇಳಿದೆ. ಅದು — ಅದಕ್ಕೆ ಯಾವ ಹೆಸರು ಕೊಡಬೇಕೋ ನನಗೆ ತಿಳಿಯದು. ಸುಳ್ಳು ಎಂಬ ಮಾತು ಅದಕ್ಕೆ ಸಾಲದು.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತೇನೆ. ಗೊತ್ತಿರುವುದರ ನಡುವೆ ಗೊತ್ತಿಲ್ಲದ್ದು ಎಲ್ಲಿ ಅಡಗಿ ಕೂತಿತ್ತು ಎಂಬುದು ಹಾಗೆ ಬರೆದರಷ್ಟೇ ಕಾಣುತ್ತದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಷಿನ್ ಡ್ರಾಯಿಂಗ್ ಕಲಿಸಿಕೊಂಡು ಬಂದವನು. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬರೆದು ತೋರಿಸುವ ತನಕ ಅದು ಅರ್ಥವಾಯಿತೆಂದು ಒಪ್ಪಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ನಾನು ಮಾಡಿದ್ದನ್ನು ಮಾತ್ರ ಒಂದೇ ಕಡೆಯಿಂದ, ಅದೂ ನನಗೆ ಅನುಕೂಲವಾದ ಕಡೆಯಿಂದ, ನೋಡಿಕೊಂಡು ಬಂದೆ.

ಕಾರು ನನ್ನ ಅಣ್ಣ ವೆಂಕಟೇಶನದು. ಗೋಕುಲಂನಲ್ಲಿ ಅವನು ಹಲ್ಲಿನ ಡಾಕ್ಟರು. ಯೋಗ ಕಲಿಯಲು ಬಂದು ಇಲ್ಲೇ ವರ್ಷಗಟ್ಟಲೆ ಉಳಿದಿದ್ದ ಒಬ್ಬ ಇಂಗ್ಲಿಷ್ ಮುದುಕ ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದವನು, ಬಾಯಿ ಮರಗಟ್ಟಲಿ ಎಂದು ಕಾಯುತ್ತಾ, ತನ್ನ ಪ್ರಾಯದ ದಿನಗಳ ಕಾರಿನ ಚಿತ್ರವನ್ನು ಅಣ್ಣನಿಗೆ ತೋರಿಸಿದ. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಉದ್ದ ಮೂತಿಯ ಕಡು ಹಸಿರು ಕಾರು. ಅವತ್ತು ಸಂಜೆ ಅಣ್ಣ ಊಟಕ್ಕೆ ಕೂತು ಅನ್ನ ಕಲಸುವುದನ್ನೇ ಮರೆತಿದ್ದ. ಅಸಲು ಕಾರು ನಮ್ಮಂಥವರಿಗೆ ಸಿಗುವುದಿಲ್ಲ. ಹಾಗಾಗಿ ಅದರ ಪಡಿಯಚ್ಚು ಮಾಡಿಸುವುದೆಂದು ತೀರ್ಮಾನಿಸಿದ: ಗುಜರಿಗೆ ಬಿದ್ದಿದ್ದ ಹಳೆಯ ಕಾರೊಂದರ ತಳಕಟ್ಟು, ಎಂಜಿನ್ನು, ಅದರ ಮೇಲೆ ಫೈಬರಿನ ಹೊಸ ಮೈ. ಫೈಬರ್ ಕೆಲಸಕ್ಕೆ ಮೈಸೂರಿನಲ್ಲಿ ಯಾರು ಎಂದು ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಉದಯಗಿರಿಯ ನಿಮ್ಮ ಗ್ಯಾರೇಜಿನ ಹೆಸರು.

ಮೊದಲ ದಿನ ನೀವು ಆಡಿದ ಮಾತು ಅಣ್ಣನಿಗೆ ಎಷ್ಟು ಹಿಡಿಸಿತ್ತೆಂದರೆ, ಬಂದವರಿಗೆಲ್ಲ ಅದನ್ನು ನಿಮ್ಮ ದನಿಯಲ್ಲೇ ಹೇಳಿ ತೋರಿಸುತ್ತಿದ್ದ.

"ಫೋಟೋ ಕೊಡಿ ಸಾ, ದೇವ್ರನ್ ಬೇಕಾದ್ರೂ ಮಾಡ್ಕೊಡ್ತೀನಿ. ಫೋಟೋದಲ್ಲಿ ಬೆನ್ ಕಾಣಕ್ಕಿಲ್ಲ, ಅದ್ನ ಮಾತ್ರ ನನ್ ಇಷ್ಟ ಬಂದಂಗೆ ಮಾಡ್ತೀನಿ, ಅಷ್ಟೇಯ."

ಆ ವರ್ಷಗಳು ಚೆನ್ನಾಗಿದ್ದವು. ಹಲ್ಲಿನ ಅಚ್ಚು ತೆಗೆಯುವ ಮೇಣದಲ್ಲಿ ಅಣ್ಣ ಕಾರಿನ ಮೂಗಿನ ಲಾಂಛನದ ಅಚ್ಚು ಮಾಡಿದ. ನೀವು ಅದನ್ನು ಬೆಳಕಿಗೆ ಹಿಡಿದು, "ಡಾಕ್ಟ್ರೇ, ಇದ್ಕೆ ಹುಳುಕೈತೆ" ಅಂದಿರಿ. ಅಣ್ಣ ನಕ್ಕು ನಕ್ಕು ಕೆಮ್ಮಿದ. ಪದ್ಮ ಅತ್ತಿಗೆ ಆ ಕಾರನ್ನು ತಮ್ಮ ಸವತಿ ಎನ್ನುತ್ತಿದ್ದರು. ಭಾನುವಾರ ಉದಯಗಿರಿಯಿಂದ ತಡವಾಗಿ ಬಂದರೆ, "ಸವತಿ ಊಟಕ್ಕಾದ್ರೂ ಬಿಟ್ಟಳಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು.

ಚಕ್ರದ ಮಾತು ಬಂದಾಗ ನಮ್ಮ ಮೂವರಲ್ಲಿ ನಿಜವಾದ ಜಗಳವಾಯಿತು. ಹಳೆಯ ಕಾರಿನ ಕಬ್ಬಿಣದ ಚಕ್ರಗಳ ಮೇಲೆ ಆ ಹಸಿರು ಮೈಯನ್ನು ನಿಲ್ಲಿಸಿದ ದಿನ ಅತ್ತಿಗೆ ನೋಡಿ, "ರೇಷ್ಮೆ ಸೀರೆ ಉಟ್ಟು ಹವಾಯಿ ಚಪ್ಪಲಿ ಮೆಟ್ಟಿದ ಹಾಗಿದೆ ಕಣ್ರೀ" ಅಂದರು. ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಅಸಲು ಕಾರಿನಲ್ಲಿರುವಂತೆ ತಂತಿ ಕಡ್ಡಿಯ ಚಕ್ರಗಳೇ ಬೇಕೆಂದು ನೀವು ಹಟ ಹಿಡಿದಿರಿ. ಕಡ್ಡಿ ಸಡಿಲವಾದರೆ ಇಲ್ಲಿ ಅದನ್ನು ಸರಿಮಾಡುವವರಿಲ್ಲ ಎಂದು ನಾನು ತಡೆದೆ. ಅಣ್ಣ ಅಲಾಯ್ ಚಕ್ರಗಳ ಚಿತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಕಾರಿನ ಫೋಟೋದ ಪಕ್ಕ ಇಟ್ಟು ನೋಡುತ್ತಿದ್ದ. ಕೊನೆಗೆ ಎಂಟು ದಪ್ಪ ಎಸಳುಗಳ, ಹಳೆಯ ರೇಸ್ ಕಾರುಗಳಿಗೆ ಹಾಕುತ್ತಿದ್ದಂಥ ಮಾದರಿಯೊಂದು ಅವನಿಗೆ ಒಪ್ಪಿಗೆಯಾಯಿತು. ನನಗೂ ಅದು ಸುಂದರವಾಗಿ ಕಂಡಿತು. ಇದನ್ನು ಹೇಳಲೇಬೇಕು. ಆ ಚಕ್ರವನ್ನು ಇಂದಿಗೂ ನಾನು ಕಣ್ಣು ಮುಚ್ಚಿ ಬರೆಯಬಲ್ಲೆ.

ಅವು ಬಂದ ಮೇಲೆ ಅಳೆದವನು ನಾನು. ನಟ್ಟುಗಳು ಕೂರುವ ತೂತುಗಳ ನಡುವಿನ ದೂರ ಸರಿಯಿತ್ತು. ಟೈರು ಫೈಬರಿಗೆ ಉಜ್ಜುವುದಿಲ್ಲ ಎಂಬುದನ್ನೂ ಸ್ಟೇರಿಂಗ್ ತಿರುಗಿಸಿ ತಿರುಗಿಸಿ ನೋಡಿದೆ. ಆದರೆ ಚಕ್ರದ ನಡುವಿನ ದೊಡ್ಡ ತೂತು ನಮ್ಮ ಕಾರಿನ ಅಚ್ಚಿನ ತುದಿಗಿಂತ ಅಗಲವಾಗಿತ್ತು. ಆ ಸಂದು ತುಂಬಲು, ಚಕ್ರ ನಟ್ಟನಡುವೆ ಕೂರುವ ಹಾಗೆ, ನಾಲ್ಕು ಅಲ್ಯೂಮಿನಿಯಂ ಉಂಗುರಗಳನ್ನು ಲೇತಿನಲ್ಲಿ ಕಡೆಸಿ ತಂದೆ. ಉಂಗುರ ಚಕ್ರವನ್ನು ನಡುವಿಗೆ ತರುತ್ತದೆ, ಅಷ್ಟೇ. ಹಿಡಿದಿಟ್ಟುಕೊಳ್ಳುವುದು ನಟ್ಟುಗಳ ಬಿಗಿ. ಇದನ್ನು ನಾನು ನಿಮಗೂ ಅಣ್ಣನಿಗೂ ಚಿತ್ರ ಬರೆದು ವಿವರಿಸಿದ್ದೆ — ಕಲಿಸುವವನ ಚಟ.

ಸ್ಪ್ಯಾನರನ್ನು, ನಿಮ್ಮ ಮಾತಿನ ಪಾನವನ್ನು, ಕಾಲಿನಿಂದ ತುಳಿದು ನಟ್ಟು ಬಿಗಿ ಮಾಡುವುದು ನಿಮ್ಮ ರೂಢಿ. ಅಲಾಯ್ ಚಕ್ರಕ್ಕೆ ಹಾಗೆ ಮಾಡಕೂಡದು, ಎಸಳಿನ ಬುಡ ಬಿರುಕು ಬಿಡುತ್ತದೆ ಎಂದು ನಾನು ಒಮ್ಮೆ ನಿಮ್ಮ ಕೆಲಸದವರ ಎದುರಿಗೇ ಗದರಿದ್ದೆ. ನೀವು ಕಾಲು ಕೆಳಗಿಳಿಸಿ, "ಆಯ್ತು ಬುಡಿ ಸಾ. ಕೂರ್ಸೋದು ನಂದು, ಕೊನೇ ಬಿಗಿ ನಿಮ್ದು" ಎಂದಿರಿ. ಅಂದಿನಿಂದ ಅದೇ ನಮ್ಮ ನಿಯಮವಾಯಿತು. ಜಾಕಿನ ಮೇಲೆ ಚಕ್ರ ತೂಗುತ್ತಿರುವಾಗ ನೀವು ಪಾನದಲ್ಲಿ ಹಗುರವಾಗಿ ನಟ್ಟು ಕೂರಿಸುವುದು. ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆ ನಾನು ನನ್ನ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿ ಕೊಡುವುದು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದನ್ನು ಇಟ್ಟು ಎಳೆದರೆ, ಆ ಮಟ್ಟ ಮುಟ್ಟಿದ ಕೂಡಲೆ ಕಟಕ್ ಎನ್ನುತ್ತದೆ. ನೀವು ಅದಕ್ಕೆ ಕಟಕ್ ಪಾನ ಎಂದು ಹೆಸರಿಟ್ಟಿರಿ.

ಆಯುಧಪೂಜೆಯ ಹಿಂದಿನ ದಿನ ಮೂರು ಚಕ್ರಗಳು ಕೂತವು. ಮೂರಕ್ಕೂ ನಾನು ಕೊನೆಯ ಬಿಗಿ ಕೊಟ್ಟೆ. ಬಲಗಡೆಯ ಮುಂದಿನದರ ಉಂಗುರ ಕೂದಲೆಳೆಯಷ್ಟು ಬಿಗಿಯಾಗಿ, ಒಳಗೆ ಹೋಗಲಿಲ್ಲ. ಮರಳು ಕಾಗದದಲ್ಲಿ ಉಜ್ಜಿ ಸರಿಮಾಡಿ ನಾಳೆ ಹಾಕೋಣ ಎಂದಾಯಿತು. ಕಾರು ಅಷ್ಟು ಹೊತ್ತಿಗೆ ಗೋಕುಲಂನಲ್ಲಿ, ಅಣ್ಣನ ಮನೆಯ ಮುಂದೆ ಇತ್ತು. ಪೂಜೆಯ ದಿನ ಬೆಳಿಗ್ಗೆ ನೀವು ಬಂದಿರಿ. ನಿಮ್ಮ ಗ್ಯಾರೇಜಿನಲ್ಲೂ ಪೂಜೆ, ನೂರು ಕೆಲಸ. ಆದರೂ ಬಂದು, ಉಂಗುರ ಉಜ್ಜಿ, ಚಕ್ರ ಕೂರಿಸಿ, ಕಾರನ್ನು ಕೆಳಗಿಳಿಸಿ ನನ್ನನ್ನು ಕರೆದಿರಿ.

"ಕೈ ಬಿಗಿ ಮಾಡಿವ್ನಿ ಸಾ. ನಿಮ್ ಕಟಕ್ ಪಾನ ತಂದು ಕೊನೇದು ಮುಗಿಸ್ಬುಡಿ. ನಾನು ಕೈ ತೊಳ್ಕ ಬತ್ತೀನಿ."

ಹೀಗೇ ಹೇಳಿದಿರಿ. ಒಂದಕ್ಷರವೂ ನಾನು ಮರೆತಿಲ್ಲ. ನೀವು ಮಾಡಬೇಕಾದ್ದನ್ನು ಮಾಡಿ, ಹೇಳಬೇಕಾದ್ದನ್ನು ಹೇಳಿ, ಕೈ ತೊಳೆಯಲು ಹೋದಿರಿ.

ನಾನು ಒಳಗೆ ಹೋದೆ. ರೆಂಚು ನನ್ನ ಚೀಲದಲ್ಲಿರಲಿಲ್ಲ. ದೇವರ ಮುಂದೆ, ಮಣೆಯ ಮೇಲೆ ಇತ್ತು. ಅಣ್ಣನ ಹಲ್ಲು ಕೀಳುವ ಇಕ್ಕಳ, ಕತ್ತರಿ, ಮನೆಯ ಈಳಿಗೆಮಣೆ, ಅವುಗಳ ಸಾಲಿನಲ್ಲಿ ನನ್ನ ರೆಂಚು. ಅತ್ತಿಗೆ ಅದಕ್ಕೆ ಗಂಧ ಹಚ್ಚಿ, ಕುಂಕುಮವಿಟ್ಟು, ಒಂದು ಸೇವಂತಿಗೆ ಹೂ ಏರಿಸಿದ್ದರು. ನಾನು ಕೈ ಚಾಚಿದೆ.

"ಅಯ್ಯೋ, ಪೂಜೆಗೆ ಇಟ್ಟಿದ್ದನ್ನ ಇವತ್ತು ಮುಟ್ಟಬಾರದು ಕಣೋ ಸೀನು. ನಾಳೆ ದಶಮಿಗೆ ತೆಗೆದರಾಯ್ತು" ಎಂದರು ಅತ್ತಿಗೆ.

ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದು ಬಂದದ್ದು. ಅರಮನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುತ್ತಿದ್ದ ಅಜ್ಜ ಆ ದಿನ ಲೇಖನಿಯನ್ನೂ ಮುಟ್ಟುತ್ತಿರಲಿಲ್ಲವಂತೆ. ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಮಹದೇವಣ್ಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ವರ್ಷ ನನ್ನೊಳಗೆ ನಾನು ಹೇಳಿಕೊಂಡು ಬಂದ ಕಥೆ ಇದೇ ಜಾಗದಲ್ಲಿ ಹುಟ್ಟಿತು. ನಿಜ ಹೇಳಿದರೆ ಅತ್ತಿಗೆ ತಮ್ಮ ಮಾತಿನಿಂದಲೇ ಗಂಡ ಹೋದನೆಂದು ಕೊರಗುತ್ತಾರೆ, ಆದ್ದರಿಂದ ಸುಮ್ಮನಿದ್ದೇನೆ — ಇದು ಆ ಕಥೆ. ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡು ನಿದ್ದೆ ಹೋಗುತ್ತಿದ್ದೆ. ಆದರೆ ನಾನು ಅವರಿಗೆ ರೆಂಚು ಏಕೆ ಬೇಕು ಎಂದು ಹೇಳಲೇ ಇಲ್ಲ. ಚಕ್ರ ಇನ್ನೂ ಬಿಗಿಯಾಗಿಲ್ಲ ಅತ್ತಿಗೆ, ಅದಕ್ಕೇ ಬೇಕು — ಇಷ್ಟು ಅಂದಿದ್ದರೆ ಸಾಕಿತ್ತು. ಅಥವಾ ಹೊರಗೆ ಬಂದು ನಿಮಗೆ, ಇವತ್ತೊಂದು ದಿನ ನಿಮ್ಮ ಕಾಲನ್ನೇ ಉಪಯೋಗಿಸಿ ಎಂದಿದ್ದರೂ ಸಾಕಿತ್ತು.

ಏಕೆ ಹೇಳಲಿಲ್ಲ?

ಹೊರಗೆ ಜನ ಸೇರಿದ್ದರು. ಅಕ್ಕಪಕ್ಕದವರು, ಅಣ್ಣನ ಸ್ನೇಹಿತರು, ಆ ಇಂಗ್ಲಿಷ್ ಮುದುಕನೂ ಪಂಚೆ ಉಟ್ಟುಕೊಂಡು ಬಂದಿದ್ದ. ಕಾರಿಗೆ ಬಾಳೆಕಂದು, ಚೆಂಡುಹೂವಿನ ಹಾರ. ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು. ಬೂದುಗುಂಬಳ ಒಡೆದಾಗಿತ್ತು. ನಾನು ಬರಿಗೈಯಲ್ಲಿ ಹೊರಬಂದು, "ಅಣ್ಣ, ಸ್ವಲ್ಪ ತಾಳು" ಅಂದೆ. ಅಷ್ಟೇ ಅಂದದ್ದು. ಅಣ್ಣ ಎಲ್ಲರ ಕಡೆ ತಿರುಗಿದ.

"ನೋಡಿದ್ರಾ? ಶುರು ಮಾಡ್ದ. ಇವನು ಹೆಣ್ಣು ನೋಡಕ್ಕೂ ಅಳತೆಪಟ್ಟಿ ಹಿಡ್ಕೊಂಡೇ ಹೋಗಿದ್ದ ಕಣ್ರೀ. ಅಳತೆ ಮುಗಿಯೋಷ್ಟರಲ್ಲಿ ಆ ಹುಡುಗೀಗೆ ಬೇರೆ ಕಡೆ ಮದುವೆ ಆಗಿ ಮಗೂನೂ ಆಗಿತ್ತು!"

ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಒದ್ದೆ ಕೈ ಒರೆಸಿಕೊಳ್ಳುತ್ತಾ. ಅದು ಹಳೆಯ ಹಾಸ್ಯ. ಅಣ್ಣ ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದ. ನನಗೆ ಅದು ತಮಾಷೆ ಎನಿಸುವುದು ನಿಂತು ಎಷ್ಟೋ ವರ್ಷವಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಅವನು ಕೇಳಿದ. ನಗು ನಿಲ್ಲಿಸಿ, ನಿಜವಾಗಿಯೇ ಕೇಳಿದ. "ಎಲ್ಲ ಬಿಗಿ ಇದೆ ತಾನೇನೋ?"

"ಇದೆ ಕಣಣ್ಣ. ಹೊರಡು" ಎಂದೆ.

ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾರೆ ಎಂದುಕೊಂಡಿದ್ದೆ. ಅಷ್ಟು ದೂರಕ್ಕೆ ಏನೂ ಆಗದು. ಇದು ನಿಜ. ಆದರೆ ಇಷ್ಟೇ ಅಲ್ಲ. ಇನ್ನೊಂದಿದೆ, ಅದನ್ನು ನಾನು ಈ ಕಾಗದಕ್ಕಿಂತ ಮೊದಲು ನನಗೂ ಹೇಳಿಕೊಂಡಿರಲಿಲ್ಲ. ಆ ಕ್ಷಣದಲ್ಲಿ ನನ್ನೊಳಗೆ ಒಂದು ಸಣ್ಣ ಆಸೆ ಇತ್ತು. ಚಕ್ರ ಒಂದಿಷ್ಟು ಕಟಕಟ ಸದ್ದು ಮಾಡಲಿ. ಅಣ್ಣ ಅರ್ಧ ಬೀದಿಯಿಂದ ವಾಪಸು ಬಂದು, ಇಷ್ಟು ಜನರ ಮುಂದೆ ಪೆಚ್ಚುಮೋರೆ ಹಾಕಿಕೊಂಡು ಇಳಿಯಲಿ. ಆಗ ನಾನು ನಿಧಾನವಾಗಿ ಹೋಗಿ ರೆಂಚು ತರುತ್ತೇನೆ... ಆಸೆ ಇಷ್ಟೇ ಇತ್ತು. ಅಣ್ಣನಿಗೆ ಕೇಡಾಗಲಿ ಎಂದು ನಾನು ಬಯಸಿರಲಿಲ್ಲ. ಅವನು ಒಮ್ಮೆ ತಲೆ ತಗ್ಗಿಸಲಿ ಎಂದು ಬಯಸಿದ್ದೆ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ಆಗಾಗ ಅಳೆಯಲು ಹೋಗುತ್ತೇನೆ. ನನ್ನ ಕೈಲಿ ಆಗಿಲ್ಲ.

ಅಣ್ಣ ನಿಮ್ಮನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. "ಮೈ ಮಾಡಿದವರು ಮೊದಲು ಕೂರಬೇಕು" ಅಂದ. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಕಾರು ಬೀದಿಯ ಕೊನೆ ಮುಟ್ಟಿತು. ತಿರುಗಲಿಲ್ಲ. ದೊಡ್ಡ ರಸ್ತೆಗೆ ಹೊರಳಿ ಕಾಣೆಯಾಯಿತು.

ನಾನು ಸ್ಕೂಟರ್ ಹತ್ತಿ ಹಿಂದೆ ಬಿದ್ದೆ. ಎಲ್ಲರೂ ಅದನ್ನು ಆಮೇಲೆ ನನ್ನ ಸಂಭ್ರಮ ಎಂದರು, ನೀವೂ ಹಾಗೇ ತಿಳಿದಿದ್ದೀರಿ. ಅದು ಸಂಭ್ರಮವಲ್ಲ. ಊರಿನ ನಡುವೆ ಒಂದು ಸಿಗ್ನಲ್ಲಿನಲ್ಲಿ ನಿಮ್ಮ ಪಕ್ಕಕ್ಕೆ ಬಂದು ನಿಂತೆ — ನೆನಪಿದೆಯೆ? ದೀಪ ಕೆಂಪಾಗಿತ್ತು. ಪಕ್ಕದ ಆಟೋದವನು ಕಾರನ್ನು ನೋಡಿ ಶಿಳ್ಳೆ ಹಾಕಿದ. ಅಣ್ಣ ನನ್ನ ಕಡೆ ತಿರುಗಿ, "ಏನೋ ಸೀನು, ಚಕ್ರ ಹೇಗೆ ಕಾಣ್ತಿದೆ ಹೊರಗಿಂದ?" ಎಂದ. ನಾನು ಬಗ್ಗಿ ನೋಡಿದೆ. ನಟ್ಟುಗಳು ತಮ್ಮ ತಮ್ಮ ಜಾಗದಲ್ಲಿ, ಕುಂಕುಮದ ಬೊಟ್ಟಿನ ಕೆಳಗೆ, ಸರಿಯಾಗಿಯೇ ಕಾಣುತ್ತಿದ್ದವು. ಕಣ್ಣಿಗೆ ಕಾಣುವುದು ಬಿಗಿಯಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಳಿ ಅಣ್ಣ, ಅದು ಬಿಗಿಯಾಗಿಲ್ಲ, ನಾನು ಸುಳ್ಳು ಹೇಳಿದೆ — ಇದನ್ನು ಹೇಳಲು ಆ ದೀಪ ಹಸಿರಾಗುವಷ್ಟು ಹೊತ್ತು ನನಗಿತ್ತು.

"ಚೆನ್ನಾಗಿದೆ. ನಿಧಾನ ಹೋಗು" ಎಂದೆ.

ನಂಜನಗೂಡು ರಸ್ತೆಯಲ್ಲಿ ನೀವು ವೇಗ ಹಿಡಿದಿರಿ. ನನ್ನ ಸ್ಕೂಟರು ಹಿಂದೆ ಉಳಿಯಿತು. ಮಂಡಕಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ಆ ಚಕ್ರ ಬಳುಕುವುದು ಕಂಡಿತು. ಮೊದಲು, ಬಿಸಿಲಿನ ಝಳಕ್ಕೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ಆಮೇಲೆ ಹಾರನ್ನಿನ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲ. ಆದರೆ ಅವತ್ತು ಊರ ತುಂಬ ಹಾರ ಹಾಕಿಕೊಂಡ ಗಾಡಿಗಳು, ಎಲ್ಲವೂ ಹಾರನ್ ಹೊಡೆಯುತ್ತಿದ್ದವು. ಅಣ್ಣ ಹಿಂದಕ್ಕೆ ತಿರುಗದೆಯೇ ಕೈ ಮೇಲೆತ್ತಿ ಆಡಿಸಿದ. ನಾನೂ ಖುಷಿಗೆ ಹೊಡೆಯುತ್ತಿದ್ದೇನೆ ಎಂದುಕೊಂಡ.

ನಾನು ಕಂಡ ಅವನ ಕೊನೆಯ ಚಲನೆ ಅದು — ಆ ಕೈ.

ಮೊದಲು ಕಾರಿನ ಬಲ ಮೂಲೆ ಕುಸಿಯಿತು. ರಸ್ತೆಗೆ ಲೋಹ ತಾಗಿ ಕಿಡಿ ಎದ್ದಿತು. ಕಾರು ಬಲಕ್ಕೆ ಎಳೆದು, ನಡುವಿನ ಕಟ್ಟೆಗೆ ಬಡಿದು, ಮಗುಚಿತು. ನೀವು ಎಡಕ್ಕೆ, ಹುಲ್ಲಿನ ಮೇಲೆ ಎಸೆಯಲ್ಪಟ್ಟಿರಿ. ಅಣ್ಣ ಕಾರಿನ ಕೆಳಗಿದ್ದ. ಇದೆಲ್ಲ ನಡೆಯುತ್ತಿರುವಾಗ ಆ ಚಕ್ರ ಒಂದೇ, ಯಾರ ಹಂಗೂ ಇಲ್ಲದೆ, ರಸ್ತೆಯ ಮೇಲೆ ನೆಟ್ಟಗೆ ಉರುಳಿಕೊಂಡು ಮುಂದೆ ಮುಂದೆ ಹೋಗುತ್ತಿತ್ತು. ಎಂಟು ಎಸಳುಗಳೂ ಬಿಸಿಲಿಗೆ ಹೊಳೆಯುತ್ತಿದ್ದವು. ಅದಕ್ಕೆ ಸಿಕ್ಕಿಸಿದ್ದ ಚೆಂಡುಹೂವೊಂದು ಸುತ್ತುತ್ತಾ ಹಳದಿ ಗೆರೆಯಾಗಿತ್ತು. ನಾನು ಅಣ್ಣನನ್ನು ನೋಡಬೇಕಿತ್ತು. ಆ ಚಕ್ರ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾ ನಿಂತಿದ್ದೆ.

ಆಸ್ಪತ್ರೆ ಸೇರುವ ಮೊದಲೇ ಅಣ್ಣ ಹೋಗಿದ್ದ.

ಪೊಲೀಸರು ಕೇಳಿದರು: ಚಕ್ರ ಹಾಕಿದವರು ಯಾರು? ಉದಯಗಿರಿಯ ಮಹದೇವ ಎಂದೆ. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಅದು ಸುಳ್ಳಾಗದಂತೆ ಎಷ್ಟು ಜಾಗ್ರತೆಯಿಂದ ಜೋಡಿಸಿ ಹೇಳಿದೆ ಎಂಬುದು ನನಗೆ ಗೊತ್ತಿದೆ. ಅತ್ತಿಗೆ ದೂರು ಬೇಡವೆಂದರು, ಪೊಲೀಸರೂ ಹೆಚ್ಚು ಕೆದಕಲಿಲ್ಲ. ಆದರೆ ಆ ಉತ್ತರ ಪೊಲೀಸರ ಹತ್ತಿರವೇ ಉಳಿಯಲಿಲ್ಲ. ಗೋಕುಲಂನಿಂದ ಉದಯಗಿರಿಯವರೆಗೆ ಬಾಯಿಂದ ಬಾಯಿಗೆ ಹೋಯಿತು.

ಅಪಘಾತವಾದ ಸಂಜೆಯೇ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ನೀವು, ಕೈ ಕೊರಳಿಗೆ ಕಟ್ಟಿಸಿಕೊಂಡು ಕೂತಿದ್ದಿರಿ. ನನ್ನನ್ನು ಕಂಡು ಎದ್ದು ನಿಂತಿರಿ.

"ಸಾ, ಅದೊಂದು ಕೇಳ್ಬೇಕು. ಆ ಬಲಗಡೇದು... ನೀವು ಕೊನೇ ಬಿಗಿ ಕೊಟ್ರಲ್ವಾ?"

ನಿಮ್ಮ ಕಣ್ಣಿನಲ್ಲಿ ಆರೋಪವಿರಲಿಲ್ಲ. ಭಯವಿತ್ತು. ಕೊಟ್ಟಿಲ್ಲ ಎಂದು ನಾನು ಹೇಳಿದ್ದರೆ ಆ ಭಯ ಅಲ್ಲಿಗೆ ಇಳಿದು ನನ್ನ ಮೇಲೆ ಕೂರುತ್ತಿತ್ತು.

"ಕೊಟ್ಟೆ ಮಹದೇವಣ್ಣ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕಟಕ್ ಅಂತು" ಎಂದೂ ಸೇರಿಸಿದೆ.

ಆಗದ ಸದ್ದನ್ನು ನಾನು ಬಾಯಲ್ಲಿ ಮಾಡಿದೆ. ನೀವು ನಂಬಿದಿರಿ. ಬೆಂಚಿನ ಮೇಲೆ ಮತ್ತೆ ಕೂತು, ನಿಮಗೆ ನೀವೇ ಹೇಳಿಕೊಳ್ಳುವಂತೆ ಹೇಳಿದಿರಿ:

"ಅಂಗಾದ್ರೆ ನಾನೇ ಉಂಗ್ರ ವಾರೆ ಕೂರ್ಸಿವ್ನಿ. ಗ್ಯಾರೇಜ್ ಪೂಜೆಗೆ ಹೊತ್ತಾಯ್ತು ಅಂತ ಅವಸ್ರ ಮಾಡ್ದೆ. ನನ್ ಕೈಯಾರೆ ಡಾಕ್ಟ್ರನ್ನ..."

ಆ ವಾಕ್ಯ ಮುಗಿಯುವ ಮೊದಲು ನಾನು ನಿಮ್ಮನ್ನು ತಡೆದೆ. ನಿಮ್ಮ ಹೆಗಲ ಮೇಲೆ ಕೈಯಿಟ್ಟೆ. ಆಗಿದ್ದು ಆಗಿ ಹೋಯಿತು, ನಮಗೆ ಯಾರಿಗೂ ನಿಮ್ಮ ಮೇಲೆ ಸಿಟ್ಟಿಲ್ಲ, ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಎಂದೆ. ನೀವು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿರಿ. ನೋಡಿದವರು ನನ್ನನ್ನು ದೊಡ್ಡ ಮನಸ್ಸಿನವನು ಎಂದರು. ಆ ಹೊಗಳಿಕೆಯನ್ನೂ ನಾನು ಇಟ್ಟುಕೊಂಡೆ.

ಅಣ್ಣನ ತಿಥಿ ನವಮಿ. ಇಡೀ ಮೈಸೂರು ಗಾಡಿ ತೊಳೆದು ಹಾರ ಹಾಕುವ ದಿನ ನಮ್ಮ ಮನೆಯಲ್ಲಿ ಶ್ರಾದ್ಧ. ಪ್ರತಿ ವರ್ಷ ಆ ದಿನ ಗ್ಯಾರೇಜಿನ ಪೂಜೆ ಬೇಗ ಮುಗಿಸಿ ನೀವು ಬಾಳೆಲೆಯ ಕಟ್ಟು ಹಿಡಿದು ಬರುತ್ತೀರಿ. ಗೇಟಿನ ಹತ್ತಿರವೇ ನಿಲ್ಲುತ್ತೀರಿ. ನೀವು ಚಕ್ರದ ಕೆಲಸ ಬಿಟ್ಟಿದ್ದು ನನಗೆ ತಿಳಿದದ್ದು ಬೇರೆಯವರಿಂದ. ಪಂಚರ್ ಎಂದು ಬಂದವರನ್ನೂ ಎದುರಿನ ಅಂಗಡಿಗೆ ಕಳಿಸುತ್ತೀರಂತೆ. ಬಣ್ಣ, ಫೈಬರ್, ಅಷ್ಟೇ. ಕಾರಿನ ಮೈ ಮುಟ್ಟುತ್ತೀರಿ, ಕಾಲು ಮುಟ್ಟುವುದಿಲ್ಲ. ಮಾತೂ ಕಡಿಮೆಯಾಗಿದೆ. ದೇವರನ್ನೇ ಮಾಡಿಕೊಡುತ್ತೇನೆ ಎಂದ ಮನುಷ್ಯ ಈಗ, ಆಗ್ಬೋದೇನೋ, ನೋಡಣ, ಎನ್ನುತ್ತಾರೆ.

ಇಷ್ಟನ್ನೂ ನೋಡಿಕೊಂಡು ನಾನು ಇದ್ದೆ. ಇನ್ನೂ ಇರುತ್ತಿದ್ದೆನೇನೋ.

ಈ ವರ್ಷ ಗೇಟಿನಲ್ಲಿ ನೀವು ನನ್ನನ್ನು ಕರೆದು, ದನಿ ತಗ್ಗಿಸಿ, "ಸಾ, ಮಗ್ಳು ಕಾರ್ ತಕ್ಕಂಡವ್ಳೆ. ಹಳೇದೇ. ಅಲಾಯ್ ಹಾಕ್ಸವ್ಳೆ, ಬ್ಯಾಡ ಅಂದ್ರೂ ಕೇಳ್ನಿಲ್ಲ. ನಾಳೆ ದಶಮಿ, ಒಂದ್ ಗಳಿಗೆ ಬಂದು ನಟ್ಟು ನೀವೇ ನೋಡ್ಬುಡಿ. ನನ್ ಕೈ ಮ್ಯಾಲೆ ನಂಗೆ ನಂಬ್ಕೆ ಇಲ್ಲ" ಎಂದಿರಿ.

ದಶಮಿಯ ದಿನ ಬಂದೆ. ಅದೇ ರೆಂಚು ತಂದೆ. ನಿಮ್ಮ ಮಗಳು ಕುರ್ಚಿ ಹಾಕುತ್ತಾ, "ಅಂಕಲ್, ನಮ್ಮಪ್ಪ ನನ್ ಸ್ಕೂಟಿಗೆ ಗಾಳಿನೂ ಬೇರೆಯವ್ರ ಕೈಲೇ ಹಾಕಿಸ್ತಾರೆ. ಮೆಕ್ಯಾನಿಕ್ ಮಗಳು ಅಂತ ಹೇಳ್ಕೊಳ್ಳಕ್ಕೇ ನಾಚಿಕೆ ಆಗತ್ತೆ" ಎಂದು ನಕ್ಕಳು. ನೀವು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿರಿ. ನಾನು ಒಂದೊಂದೇ ನಟ್ಟು ಬಿಗಿ ಮಾಡಿದೆ. ಪ್ರತಿ ಸಲ ಅದು ಕಟಕ್ ಎಂದಾಗ ನಿಮ್ಮ ಮುಖ ಒಂದಿಷ್ಟು ಸಡಿಲವಾಗುವುದು ಕಂಡೆ. ಬಲಗಡೆಯ ಮುಂದಿನದನ್ನು ಕೊನೆಗೆ ಬಿಟ್ಟಿದ್ದೆ. ಅದರ ಮುಂದೆ ಕೂತು, ರೆಂಚನ್ನು ನಟ್ಟಿಗೆ ಸಿಕ್ಕಿಸಿ, ಎಳೆಯದೆ ಹಾಗೇ ಹಿಡಿದುಕೊಂಡೆ. ನೀವು ಅದನ್ನು ನೋಡಿ, ಅಣ್ಣನ ನೆನಪಾಯಿತೆಂದುಕೊಂಡು, ನೀರು ತಂದುಕೊಟ್ಟಿರಿ.

ಆ ನೀರನ್ನು ನಾನು ಕುಡಿದು, ಆ ಚಕ್ರದ ನಟ್ಟುಗಳನ್ನೂ ಕಟಕ್ ಎನ್ನುವವರೆಗೆ ಬಿಗಿ ಮಾಡಿದೆ. ಆಗಲೂ ಹೇಳಲಿಲ್ಲ.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಇಲ್ಲಿಯವರೆಗೆ ಬರೆದು, ನಿನ್ನೆ ಅತ್ತಿಗೆಗೆ ಓದಿ ಹೇಳಿದೆ. ನಿಮಗಿಂತ ಮೊದಲು ಅವರಿಗೆ ಏಕೆಂದರೆ, ಅವರನ್ನು ನೆಪ ಮಾಡಿಕೊಂಡೇ ನಾನು ನಿಮ್ಮಿಂದ ಬಚ್ಚಿಟ್ಟದ್ದು. ಅವರು ಹೂಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ರೆಂಚಿಗೆ ಕೈ ಚಾಚಿದ ಸಾಲು ಬಂದಾಗ ಅವರ ಬೆರಳು ನಿಂತಿತು. ಕೊನೆಯವರೆಗೂ ಓದಿದೆ.

"ಯಾಕೆ ಬೇಕು ಅಂತ ಒಂದು ಮಾತು ಅಂದಿದ್ರೆ ನಾನೇ ಎತ್ಕೊಡ್ತಿದ್ನಲ್ಲೋ ಸೀನು" ಎಂದರು.

ಗೊತ್ತು ಎಂದೆ. ಮೊದಲಿನಿಂದಲೂ ಗೊತ್ತಿತ್ತು.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು, ನಾನು ಎಣಿಸದ ಮಾತು. "ಆ ಮನುಷ್ಯ ಬಂದಾಗೆಲ್ಲ ನಾನು ಕಾಫಿ ಲೋಟಾನ ಕಟ್ಟೆ ಮೇಲೆ ಇಡ್ತಿದ್ದೆ. ಅವರ ಕೈಗೆ ಕೊಡಕ್ಕೆ ಮನಸ್ಸು ಬರ್ತಿರಲಿಲ್ಲ. ಇವರನ್ನ ಕಳೆದ ಕೈ ಅಂತ. ಅವರಿಗೂ ಅದು ಗೊತ್ತಿತ್ತು ಕಣೋ. ತಲೆ ತಗ್ಗಿಸ್ಕೊಂಡು ಎತ್ಕೊಂಡು ಕುಡೀತಿದ್ರು." ಅವರು ಅಳಲಿಲ್ಲ. ಬತ್ತಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಒಳಗೆ ಹೋದರು. ಅದಾದ ಮೇಲೆ ನನ್ನೊಡನೆ ಮಾತಾಡಿಲ್ಲ. ಇಂದು ಬೆಳಿಗ್ಗೆ ಮಾತ್ರ, ನನ್ನ ಮುಖ ನೋಡದೆ, ಉದಯಗಿರಿಗೆ ತಾವೂ ಬರುವುದಾಗಿ ಹೇಳಿದರು.

ನಾಳೆ ಬರುತ್ತೇವೆ. ಇದನ್ನು ನಿಮ್ಮ ಕೈಗೆ ಕೊಟ್ಟು ಹೊರಟುಬಿಡುವುದಿಲ್ಲ; ನಿಮ್ಮ ಎದುರು ನಿಂತು ಓದುತ್ತೇನೆ. ನಿಮ್ಮ ಮಗಳೂ ಇರಲಿ, ಕೆಲಸದವರೂ ಇರಲಿ. ನಿಮ್ಮ ಹೆಸರು ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿತ್ತು. ನನ್ನ ಹೆಸರೂ ಹಾಗೆಯೇ ಬೀಳಬೇಕು. ಮತ್ತೆ ಯಾರು ಯಾರ ಮುಂದೆ ಹೇಳಬೇಕೆಂದು ನೀವು ಬಯಸುತ್ತೀರೋ ಅಲ್ಲೆಲ್ಲ ಹೋಗಿ ಹೇಳುತ್ತೇನೆ, ಪೊಲೀಸರ ಮುಂದೆಯೂ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ಆ ಮಾತನ್ನು ನಾನು ಒಮ್ಮೆ ನಿಮ್ಮ ಹೆಗಲ ಮೇಲೆ ಕೈಯಿಟ್ಟು ಹಾಳುಮಾಡಿದ್ದೇನೆ.

ಇನ್ನೊಂದೇ ವಿಷಯ. ಹೊಸದಾಗಿ ಹಾಕಿದ ಅಲಾಯ್ ಚಕ್ರದ ನಟ್ಟುಗಳನ್ನು ಕಾರು ಒಂದಿಷ್ಟು ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು. ನಿಮ್ಮ ಮಗಳ ಕಾರಿಗೆ ಅದು ಬಾಕಿಯಿದೆ. ರೆಂಚು ತಂದು ನಿಮ್ಮಲ್ಲೇ ಬಿಟ್ಟುಹೋಗುತ್ತೇನೆ. ನನ್ನನ್ನು ಕರೆಯಬೇಡಿ, ಎದುರಿನ ಅಂಗಡಿಗೂ ಕಳಿಸಬೇಡಿ. ನೀವೇ ಮಾಡಿ, ಮಹದೇವಣ್ಣ. ಆ ದಿನ ಉಂಗುರ ವಾರೆ ಕೂತಿರಲಿಲ್ಲ. ಕಾರು ನೆಲಕ್ಕಿಳಿದ ಕೂಡಲೆ ನಾನು ಬಗ್ಗಿ ನೋಡಿದ್ದೆ. ಅದು ಸರಿಯಾಗಿ, ನಟ್ಟನಡುವೆ ಕೂತಿತ್ತು.